ಲಾಂಡ್ರಿ ದೊರೆಯ ಕೊನೆಯ ಕೋಟು

“ಎಳೀರಿ ಅಳಿಯಂದ್ರೇ, ಎಳೀರಿ! ತೊಡಿಸೋವಾಗ ಇದ್ದ ಉಮೇದು ಬಿಚ್ಚೋವಾಗ ಎಲ್ಲಿ ಹೋಯ್ತು?”

ಅಳಿಯ ಎಳೆದ. ಒಂದು ಕಾಲನ್ನು ಮಂಚದ ಪಟ್ಟಿಗೆ ಒತ್ತಿಕೊಟ್ಟು, ಹಲ್ಲು ಕಚ್ಚಿ, ಕೆಟ್ಟು ನಿಂತ ಬಸ್ಸನ್ನು ಒಬ್ಬನೇ ಜಗ್ಗುವವನಂತೆ ಕೋಟಿನ ತೋಳನ್ನು ಎಳೆದ. ಅವನು ಬಸ್ ಕಂಡಕ್ಟರ್. ಕೆಟ್ಟು ನಿಂತ ಬಸ್ಸುಗಳ ಅನುಭವ ಅವನಿಗಿದ್ದಷ್ಟು ಭೂಮಂಡಲದಲ್ಲಿ ಇನ್ನೊಬ್ಬನಿಗೆ ಇರಲಿಕ್ಕಿಲ್ಲ. ಆದರೂ ಸತ್ತು ಮಲಗಿದ ಮಾವನಷ್ಟು ಹಟಮಾರಿ ಬಸ್ಸನ್ನು ಅವನು ಕಂಡಿರಲಿಲ್ಲ. ಎದೆಯ ಮೇಲೆ ಮಡಿಸಿಟ್ಟ ಕೈ ಕಬ್ಬಿಣವಾಗಿತ್ತು. ಕೋಟು ಆ ಮೈಯ ಜೊತೆಯೇ ಹುಟ್ಟಿ ಬೆಳೆದದ್ದರಂತೆ ಕೂತಿತ್ತು.

“ಬರಲ್ಲ ಅತ್ತೆ. ಹಿಂದಿನಿಂದ ಕತ್ತರಿಸ್ಬೇಕು, ಅಷ್ಟೆ.”

“ಕತ್ತರಿಸ್ತಾರಂತೆ! ಅದು ಅಧ್ಯಕ್ಷರ ಕೋಟು ಕಣ್ರೀ!”

ಅಳಿಯ ತೋಳು ಬಿಟ್ಟ. “ಯಾರ ಕೋಟು?”

ಅತ್ತೆ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು.

“ಪುರಸಭೆ ಅಧ್ಯಕ್ಷರದು. ಒಗೆಯೋಕೆ ಬಂದಿದ್ದು.”

“ಮತ್ತೆ ನಮ್ಮ ಮದುವೆ ಮಾತುಕತೆಗೆ ಮಾವ ಇದನ್ನೇ ಹಾಕ್ಕೊಂಡು ಬಂದಿದ್ರಲ್ಲ?”

“ಆಗಲೂ ಒಗೆಯೋಕೆ ಬಂದಿತ್ತು.”

ಅಳಿಯ ಗೋಡೆಗೆ ಒರಗಿದ. ಈ ಕೋಟು ಸಾಮಾನ್ಯದ್ದಲ್ಲ. ಕಡು ನೀಲಿ, ಗಂಟಲವರೆಗೂ ಗುಂಡಿ, ಆ ಗುಂಡಿಗಳೋ ಚಿನ್ನದ ಬಣ್ಣ. ಬಿಸಿಲಿಗೆ ಹಿಡಿದರೆ ಎದುರು ಬೀದಿಯ ಹಕ್ಕಿಗಳಿಗೆ ಕಣ್ಣು ಕತ್ತಲೆ ಬಂದು ದಾರಿ ತಪ್ಪುತ್ತಿದ್ದವು. ಅವನ್ನು ಕಂಡೇ ಅವನ ಅಪ್ಪ “ಹುಡುಗೀನ ನೋಡೋದೇ ಬೇಡ, ಹೂಂ ಅಂದ್ಬಿಡೋಣ” ಎಂದಿದ್ದ. ಈ ಬೆಳಿಗ್ಗೆ ಅತ್ತೆ “ನಾನು ನೀರು ಕಾಯಿಸ್ಕೊಂಡು ಬರ್ತೀನಿ, ಮೈ ಒರೆಸಿ ಒಂದು ಒಳ್ಳೇದು ತೊಡಿಸಿ” ಎಂದಾಗ, ಮೊಳೆಗೆ ತೂಗುಹಾಕಿದ್ದ ಅದೇ ಕೋಟನ್ನು ಅವನು ಭಕ್ತಿಯಿಂದ ಇಳಿಸಿ ತೊಡಿಸಿದ್ದ. ಅವಳು ಹೇಳಿದ ಒಳ್ಳೆಯದು ಪಕ್ಕದಲ್ಲೇ ಮಡಿಸಿಟ್ಟಿದ್ದ ಬಿಳಿ ಹೊದಿಕೆ. ಹೊದಿಕೆ ತೊಡಿಸುವುದೇನು ಎಂದು ಕಂಡಕ್ಟರಿಗೆ ಹೊಳೆಯಬೇಕಿತ್ತು ಹೇಗೆ?

“ಹಾಗಾದ್ರೆ ಆ ಬಿಳಿ ರೇಷ್ಮೆ ಅಂಗಿ?”

“ಜಡ್ಜ್ ಸಾಹೇಬರದು.”

“ಚೌಕಳಿ ಮಫ್ಲರ್?”

“ಬ್ಯಾಂಕಿನವರದು.”

“ಮಗು ನೋಡೋಕೆ ಬಂದಾಗ ಹಾಕ್ಕೊಂಡಿದ್ದ ಹಸಿರು ಸ್ವೆಟರು? ಅದಾದ್ರೂ ಮಾವಂದು ಅಂತ ಹೇಳಿ ಅತ್ತೆ.”

ಅತ್ತೆ ನೆಲ ನೋಡಿದಳು. “ಅದು ನಿಮ್ಮದೇ ಕಣ್ರೀ. ಹಿಂದಿನ ಸಲ ಬಂದಾಗ ಒಗೆಯೋಕೆ ಕೊಟ್ಟು ಮರೆತು ಹೋಗಿದ್ರಿ.”

ಮಗಳು ಬಾಗಿಲಿನಲ್ಲಿ ತಲೆ ಹಾಕಿದಳು. “ಅಮ್ಮಾ, ಜನ ಬರ್ತಾ ಇದ್ದಾರೆ.”

“ನಿನಗೂ ಗೊತ್ತಿತ್ತೇನೆ?” ಎಂದ ಅಳಿಯ.

“ಆ ಬಟ್ಟೆ ಮೂಟೆಗಳ ನಡುವೇನೇ ಹುಟ್ಟಿ ಬೆಳೆದೋಳಿಗೆ ಗೊತ್ತಿರಲ್ವಾ? ಈಗ ಸುಮ್ನೆ ಮುಖ ಸಪ್ಪೆ ಮಾಡ್ಕೊಂಡು ನಿಂತ್ಕೊಳ್ಳಿ.”

ಆ ಮಾತನ್ನು ಅವನಿಗೆ ಹೇಳಬೇಕಾಗಿರಲಿಲ್ಲ. ಅವನ ಬಸ್ ಕಂಪನಿ ಮುಚ್ಚಿಹೋಗಿತ್ತು. ಹೆಂಡತಿ ಮಗುವಿನ ಸಮೇತ ಇಲ್ಲಿಗೆ ಬಂದು, ಮಾವನ ಕೈಕೆಳಗೆ ಇಸ್ತ್ರಿ ಕಲಿತು, ಅಂಗಡಿ ನೋಡಿಕೊಳ್ಳುವುದೆಂದು ಮಾತಾಗಿತ್ತು. ಈಗ ಎಲ್ಲರ ಹೊಟ್ಟೆಯೂ ಆ ಇಸ್ತ್ರಿ ಪೆಟ್ಟಿಗೆಯನ್ನೇ ನೆಚ್ಚಿತ್ತು. ಊರೆಲ್ಲ ಲಾಂಡ್ರಿ ದೊರೆ ಎಂದು ಕರೆಯುತ್ತಿದ್ದ ಮಾವ ತನ್ನ ಜನ್ಮವಿಡೀ ಗಿರಾಕಿಗಳ ಬಟ್ಟೆ ತೊಟ್ಟು ತಿರುಗಿದ ಎನ್ನುವ ಸುದ್ದಿ ಇವತ್ತು ಹೊರಗೆ ಬಿದ್ದರೆ, ನಾಳೆಯಿಂದ ಆ ಲಾಂಡ್ರಿಗೆ ಮೂಗು ಒರೆಸಿದ ಕರ್ಚೀಫೂ ಬರುವುದಿಲ್ಲ. ಅದಕ್ಕೆ ತಕ್ಕಂತೆ, ಆ ಕೋಟಿನ ಒಡೆಯರೇ ಅಂತಿಮ ದರ್ಶನಕ್ಕೆ ಬರುತ್ತಾರೆಂದು ಅಧ್ಯಕ್ಷರ ಮನೆಯಿಂದ ಆಗಲೇ ಹೇಳಿಕಳಿಸಿದ್ದರು.

ದೊರೆಯ ಹೆಂಡತಿ ಹೂವಿನ ಬುಟ್ಟಿ ಎತ್ತಿಕೊಂಡಳು. ಕೋಟಿನ ಎಡತೋಳಿನ ತುದಿಯಲ್ಲಿ, ಅಧ್ಯಕ್ಷರಿಗೆ ತಟ್ಟನೆ ಗುರುತು ಸಿಗುವಂತೆ, ಯಾವುದೋ ಔತಣದಲ್ಲಿ ಸಿಗರೇಟು ತಾಗಿ ಸುಟ್ಟ ಸಣ್ಣ ಕಲೆಯಿತ್ತು. ಅದರ ಮೇಲೆ ಒಂದು ಹಿಡಿ ಹೂವು ಹಾಕಿದಳು. ಸಾಲದೆನ್ನಿಸಿ ಇನ್ನೊಂದು ಹಿಡಿ.

*

ಅವಳಿಗೆ ಗಂಡನ ಗುಟ್ಟು ಗೊತ್ತಾದದ್ದು ಮದುವೆಯ ಮಾರನೇ ಬೆಳಿಗ್ಗೆ.

ಮದುವೆಯ ದಿನ ಅವನು ತೊಟ್ಟಿದ್ದ ಅಂಗಿಯಂಥ ಅಂಗಿಯನ್ನು ರಾಜಮಹಾರಾಜರೂ ತೊಟ್ಟಿರಲಿಲ್ಲ. ಕೆನೆಯ ಬಣ್ಣ, ಕಾಲರಿನ ಸುತ್ತ ಬೆಳ್ಳಿ ಎಳೆಯ ಅಂಚು. ಅವಳ ಕಡೆಯ ಹೆಂಗಸರು ಹುಡುಗನ ಮುಖ ನೋಡುವುದನ್ನೇ ಮರೆತು ಅಂಗಿ ನೋಡಿದ್ದರು. ಒಬ್ಬ ಸೋದರತ್ತೆಯಂತೂ ಅಂಗಿಗೇ ಹಾರೈಸಿ ಮನೆಗೆ ಹೋದಳು.

ಮಾರನೇ ಬೆಳಿಗ್ಗೆ ಅವಳು ಏಳುವ ಹೊತ್ತಿಗೆ ಗಂಡ ಹಿತ್ತಲಿನಲ್ಲಿ ಬನಿಯನ್ನಿನಲ್ಲಿ ಕೂತು ಆ ಅಂಗಿಯನ್ನು ಒಗೆಯುತ್ತಿದ್ದ. ಹೊಸ ಹೆಂಡತಿಗೆ ಕೆಲಸ ಹೇಳದ ಗಂಡ ಎಂದು ಅವಳ ಎದೆ ತುಂಬಿಬಂತು. ಒಣಗಿಸಿ, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಅವನು ಹೊರಟಾಗಲೂ ಅನುಮಾನ ಬರಲಿಲ್ಲ. ಸಂಜೆ ಚಿತ್ರಮಂದಿರಕ್ಕೆ ಹೋದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಔಷಧಿ ಅಂಗಡಿಯವನ ಮೈಮೇಲೆ ತನ್ನ ಮದುವೆಯ ಅಂಗಿ ಕಂಡಿತು.

“ರೀ, ನಿಮ್ಮ ಅಂಗಿ!”

“ಮೆಲ್ಲಗೆ ಕಣೇ. ಅದು ಅವರದೇ.”

ಅವಳು ಆ ಚಿತ್ರದ ಒಂದು ಅಕ್ಷರವೂ ಕೇಳಿಸಿಕೊಳ್ಳಲಿಲ್ಲ. ಮನೆಗೆ ಬಂದು, ಕಪಾಟಿನ ಬಾಗಿಲು ಕೀಲಿನಿಂದ ಕಿತ್ತುಬರುವಂತೆ ತೆಗೆದು ನೋಡಿದಳು. ಎರಡು ಬನಿಯನ್ನು, ಒಂದು ಲುಂಗಿ, ಒಂದು ಟವೆಲ್ಲು. ಅವನ ಸ್ವಂತದ್ದು ಅಷ್ಟೇ.

“ನಾಚಿಕೆ ಆಗಲ್ವಾ? ಮೈಮೇಲಿರೋದೆಲ್ಲ ಬೇರೆಯೋರದು. ನಿಮ್ಮದು ಅಂತ ಇರೋದೇನು?”

ಅವನು ಕೈ ಮುಂದೆ ಚಾಚಿದ. ಸೋಡಾಪುಡಿಗೆ ಚರ್ಮ ಸುಲಿದ ಬೆರಳುಗಳು. “ಗುಂಡಿ ಹಾಕೋ ಬೆರಳು ನಂದೇ ಅಲ್ವೇನೆ?”

ಅವಳು ಅವನ ಜೊತೆ ಮಾತು ಬಿಟ್ಟಳು. ಮಾತು ಬಿಟ್ಟದ್ದು ಎಂಥದ್ದೆಂದರೆ, ಮನೆಯ ಗೋಡೆಗಡಿಯಾರವೂ ಹೆದರಿ ಸದ್ದು ನಿಲ್ಲಿಸಿತ್ತು. ಕೊನೆಗೆ ಅವಳಾಗಿಯೇ ಬಾಯಿ ತೆರೆದದ್ದು, ಒಂದು ಸಂಜೆ ಅವನು ಡಾಕ್ಟರ ಬಿಳಿ ಪ್ಯಾಂಟು ತೊಟ್ಟು ಹೊರಡುತ್ತಿದ್ದಾಗ.

“ಕೂತ್ಕೋಬೇಡಿ ಎಲ್ಲೂ. ಹಿಂದೆ ಮಣ್ಣಾಗತ್ತೆ.”

ಅವನು ಎಲ್ಲೂ ಕೂರುತ್ತಿರಲಿಲ್ಲ. ಅದೇ ಅವನ ಕಟ್ಟುನಿಟ್ಟು. ಕೂರುವಂತಿಲ್ಲ, ತಿನ್ನುವಂತಿಲ್ಲ, ಬೆವರುವಂತಿಲ್ಲ. ಒಡೆಯರು ಓಡಾಡುವ ಬೀದಿಗೆ ಕಾಲಿಡುವಂತಿಲ್ಲ. ಒಗೆದು ಇಸ್ತ್ರಿ ಮಾಡಿದ್ದನ್ನು ಒಂದು ಸಂಜೆ ತೊಟ್ಟು, ಮತ್ತೆ ಒಗೆದು ಇಸ್ತ್ರಿ ಮಾಡಿ ಕೊಡಬೇಕು. ಹೀಗಾಗಿ ಊರಿನ ಉಳಿದ ಲಾಂಡ್ರಿಗಳಲ್ಲಿ ಒಂದು ಸಲ ಒಗೆದ ಬಟ್ಟೆ ಬಂದರೆ ಇವನಲ್ಲಿ ಎರಡು ಸಲ ಒಗೆದದ್ದು ಬರುತ್ತಿತ್ತು. ಉಳಿದ ಲಾಂಡ್ರಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡು ಹೋದವು. ಅವನ ಬಿಳುಪಿನ ರಹಸ್ಯ ಯಾವ ಸಾಬೂನೆಂದು ಕೇಳಲು ದೂರದ ಊರುಗಳಿಂದ ಜನ ಬರುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ.

ಹೀಗೆ ಅವನು ಲಾಂಡ್ರಿ ದೊರೆಯಾದ.

*

“ಎಷ್ಟು ಪ್ರೀತಿ ನೋಡಿ! ಕೈಗೇ ಎಷ್ಟು ಹೂವು ಹಾಕಿದ್ದಾಳೆ,” ಎಂದರು ಬಂದವರು. “ದುಡಿದ ಕೈ ಅಂತ ಇರ್ಬೇಕು.”

ಎಡತೋಳಿನ ಮೇಲಿನ ಹೂವಿನ ರಾಶಿ ದೊರೆಯ ಮೂಗಿನ ಎತ್ತರಕ್ಕೆ ಬೆಳೆದಿತ್ತು. ಯಾರಾದರೂ ಅದರ ಹತ್ತಿರ ಬಾಗಿದರೆ ಹೆಂಡತಿ ಇನ್ನೊಂದು ಹಿಡಿ ಹಾಕುತ್ತಿದ್ದಳು. ಕೋಣೆ ತುಂಬಿ, ಜನ ಅಂಗಡಿಯ ಕಡೆಗೂ ಹರಿದು, ಇಸ್ತ್ರಿ ಮೇಜಿಗೆ ಒರಗಿ ನಿಂತಿದ್ದರು. ಊರಿಗೆ ಊರೇ ಬಂದಿತ್ತು. ಅಷ್ಟು ಜನ ಪುರಸಭೆ ಕಟ್ಟಡಕ್ಕೆ ಬೆಂಕಿ ಬಿದ್ದಾಗಲೂ ಸೇರಿರಲಿಲ್ಲ.

ಬಂದವರೆಲ್ಲರಲ್ಲೂ ಒಂದು ವಿಶೇಷವಿತ್ತು: ಎಲ್ಲರೂ ಮೈ ಕೆರೆದುಕೊಳ್ಳುತ್ತಿದ್ದರು. ರಾಜಧಾನಿಯಲ್ಲಿ ನೀಲಿ ಕೋಟಿನವರ ಸರ್ಕಾರ ಬಿದ್ದು ಬೂದು ಅಂಗಿಯವರ ಸರ್ಕಾರ ಬಂದು ಇನ್ನೂ ಒಂದು ವಾರವಾಗಿರಲಿಲ್ಲ. ಹೊಸಬರದು ಒರಟು ಬಟ್ಟೆ, ಕಾಲರಿಲ್ಲ, ಇಸ್ತ್ರಿಯಿಲ್ಲ, ಮರದ ಗುಂಡಿ. ಅಷ್ಟರೊಳಗೆ ಊರಿನ ಅಂಗಡಿಗಳಲ್ಲಿ ಬೂದು ಬಟ್ಟೆ ಮುಗಿದು, ಉಗ್ರಾಣದ ಗೋಣಿಚೀಲಗಳು ಮುಗಿದು, ಶಾಲೆಯ ಪರದೆಗಳೂ ಮಾಯವಾಗಿದ್ದವು. ನಿನ್ನೆ ಮೊನ್ನೆಯವರೆಗೆ ನೀಲಿ ಕೋಟಿಲ್ಲದವನಿಗೆ ಪುರಸಭೆಯಲ್ಲಿ ನಲ್ಲಿಯ ಸಂಪರ್ಕವೂ ಸಿಗುತ್ತಿರಲಿಲ್ಲ. ಈಗ ಮನೆಯಲ್ಲಿ ನೀಲಿ ಕೋಟಿದ್ದವನನ್ನು ತನಿಖೆಯವರು ಜೀಪು ಹತ್ತಿಸಿಕೊಂಡು ಹೋಗುತ್ತಾರೆಂದು ಗಾಳಿಮಾತು ಹಬ್ಬಿತ್ತು. ಒಲೆಗೆ ಹಾಕಿದರೆ ಉಣ್ಣೆಯ ಹೊಗೆ ಬೀದಿಯ ಮೂಗಿಗೆಲ್ಲ ಸುದ್ದಿ ಮುಟ್ಟಿಸುತ್ತದೆ. ಹೊಳೆಗೆ ಎಸೆದರೆ ತೋಳು ಅಗಲಿಸಿಕೊಂಡು ತೇಲುತ್ತದೆ. ಊರಿನ ಗಣ್ಯರೆಲ್ಲ ಕೋಟನ್ನು ಹಾಸಿಗೆಯ ಕೆಳಗಿಟ್ಟುಕೊಂಡು ಅದರ ಮೇಲೆ ನಿದ್ದೆಗೆಟ್ಟು ಹೊರಳಾಡುತ್ತಿದ್ದರು.

“ಅಲ್ಲಾ ಅಕ್ಕ,” ಕ್ಷೌರದಂಗಡಿಯವನು ಕತ್ತು ಚಾಚಿ ನೋಡಿದ. ಅವನ ನಾಲಿಗೆ ಕತ್ತಿಗಿಂತ ಹರಿತ. ಗಿರಾಕಿಗಳಿಗೆ ಗಾಯವಾಗುತ್ತಿದ್ದದ್ದು ನಾಲಿಗೆಯಿಂದಲೇ ಹೆಚ್ಚು. “ದೊರೆಗೆ ನೀಲಿ ಕೋಟು ತೊಡಿಸಿದ್ದೀರಲ್ಲ?”

“ಅವರಿಗೆ... ಅವರಿಗೆ ಅದು ಇಷ್ಟ ಇತ್ತಪ್ಪ.”

“ಇಷ್ಟ ಎಲ್ಲರಿಗೂ ಇತ್ತು, ಹೋದ ವಾರದವರೆಗೆ.”

ಯಾರೋ ಕಿಸಕ್ಕನೆ ನಕ್ಕರು. ಹೆಡ್‌ಮಾಸ್ತರು ಕೆಮ್ಮಿ ಗದರಿದರು. “ಸಾವಿನ ಮನೆ ಕಣಯ್ಯ. ಬಾಯಿಗೆ ಬೀಗ ಹಾಕು.” ಹಾಗೆ ಗದರಿದ ಹೆಡ್‌ಮಾಸ್ತರ ಬೂದು ಅಂಗಿಯ ಬೆನ್ನಿನ ಮೇಲೆ, ಹಿಂದಿನ ಜನ್ಮದ ನೆನಪಿನಂತೆ, ‘ಸಿಮೆಂಟು’ ಎಂಬ ಅಕ್ಷರಗಳು ಮಸುಕಾಗಿ ಕಾಣುತ್ತಿದ್ದವು.

*

ದೊರೆ ಆ ಕೋಟನ್ನು ಕೊನೆಯ ಸಲ ತೊಟ್ಟು ತಿರುಗಾಡಲು ಹೋದದ್ದು ಸರ್ಕಾರ ಬಿದ್ದ ಸಂಜೆಯೇ. ರೇಡಿಯೋ ಕೇಳಿರಲಿಲ್ಲ.

ಪ್ರತಿ ಸಂಜೆ ತಿರುಗಾಟದಿಂದ ಬಂದು, ಬಟ್ಟೆ ಬಿಚ್ಚುತ್ತಾ, ಅವನು ಹೆಂಡತಿಗೆ ಸಂತೆಯ ಧಾರಣೆ ಒಪ್ಪಿಸುವವನಂತೆ ವರದಿ ಒಪ್ಪಿಸುತ್ತಿದ್ದ. ಇವತ್ತು ಹ್ಯಾಟಿಗೆ ನಮಸ್ಕಾರ ಕಡಿಮೆಯಾಯ್ತು ಕಣೇ. ಜರಿಯಂಚು ಇಳಿದಿದೆ. ಮೇಷ್ಟ್ರ ಅಂಗಿಗೆ ಹಿಂದೆಲ್ಲ ಜನ ಬೀಡಿ ಬಿಸಾಕಿ ಎದ್ದು ನಿಲ್ಲೋರು, ಈಗ ಕೂತಲ್ಲಿಂದಾನೇ ತಲೆ ಆಡಿಸ್ತಾರೆ. ಕಂಟ್ರಾಕ್ಟರ ಜೇಬಲ್ಲಿ ಸಿಕ್ಕಿದ ಕಪ್ಪು ಕನ್ನಡಕ ಮಾತ್ರ ಆಕಾಶಕ್ಕೆ ಹೋಗಿದೆ, ಪೊಲೀಸಿನವನೇ ಸೆಲ್ಯೂಟ್ ಹೊಡೆದ! ಊರಿನ ಯಾವ ಪತ್ರಿಕೆಗಿಂತಲೂ ಮೊದಲು ಕಾಲ ಬದಲಾದದ್ದು ಆ ಬೆನ್ನಿಗೆ ತಿಳಿಯುತ್ತಿತ್ತು.

ಅವತ್ತು ಅವನು ಬೇಗ ಬಂದ. ಬಾಗಿಲಿನಲ್ಲೇ ನಿಂತು ಗುಂಡಿ ಬಿಚ್ಚತೊಡಗಿದ.

“ಏನ್ರೀ, ಇಷ್ಟು ಬೇಗ?”

“ಯಾರೂ ಈ ಕಡೆ ನೋಡ್ಲಿಲ್ಲ ಕಣೇ. ಎದುರಿಗೆ ಬಂದೋರು ಬೀದಿ ದಾಟಿ ಆ ಕಡೆ ಹೋದ್ರು. ಚಹಾದವನಂತೂ ಅಂಗಡಿ ದೀಪಾನೇ ಆರಿಸಿಬಿಟ್ಟ.” ಕೋಟನ್ನು ಕೈಯಲ್ಲಿ ಹಿಡಿದು ಒಂದು ಸಲ ಕೊಡವಿದ. “ಪಾಪ, ಮುದುಕಾಯ್ತು ಇದು. ನಾಳೆ ಅವರ ಮನೆಗೆ ಮುಟ್ಟಿಸಿಬಿಡೋಣ.”

ಮಾರನೇ ದಿನ ಅಧ್ಯಕ್ಷರ ಮನೆಯ ಕಾವಲಿನವನು ಗೇಟಿನ ಸಂದಿಯಿಂದಲೇ “ಸಾಹೇಬರು ಊರಲ್ಲಿಲ್ಲ” ಎಂದು ಕಳಿಸಿಬಿಟ್ಟ. ಕೋಟು ಮೊಳೆಗೆ ಮರಳಿತು. ನಿನ್ನೆ ರಾತ್ರಿ ದೊರೆ “ಸ್ವಲ್ಪ ಅಡ್ಡಾಗ್ತೀನಿ” ಎಂದು ಬಟ್ಟೆ ಮೂಟೆಗೆ ತಲೆ ಕೊಟ್ಟು ಮಲಗಿದವನು ಏಳಲಿಲ್ಲ. ಮೈಮೇಲೆ ಜಡ್ಜ್ ಸಾಹೇಬರ ಪಟ್ಟೆ ಪಟ್ಟೆ ಪೈಜಾಮವಿತ್ತು. ಹೆಂಡತಿ ಮೊದಲು ಅದನ್ನು ಬಿಚ್ಚಿ, ಒಗೆದು, ತಂತಿಗೆ ಹರವಿ, ಆಮೇಲೆ ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡಳು.

*

“ದಾರಿ ಬಿಡಿ, ದಾರಿ ಬಿಡಿ, ಅಧ್ಯಕ್ಷರು ಬಂದ್ರು!”

ಅಧ್ಯಕ್ಷರು ಬಾಗಿಲು ತುಂಬಿ ಬಂದರು. ಬೂದು ಅಂಗಿಯ ಕತ್ತು ಗರಗಸದಂತೆ ಗಂಟಲನ್ನು ಕೊಯ್ಯುತ್ತಿತ್ತು. ಕಣ್ಣು ಊದಿಕೊಂಡಿತ್ತು. ದೊರೆಯ ಸಾವಿಗೆ ಅತ್ತಿದ್ದಾರೆಂದು ಜನ ಮೆಚ್ಚಿಕೊಂಡರು. ನಿಜ ಸಂಗತಿ ಬೇರೆ. ಕೋಟು ಲಾಂಡ್ರಿಯಲ್ಲಿದೆ, ಮನೆಯಲ್ಲಿಲ್ಲ, ನಾನು ಬದುಕಿದೆ ಎಂದುಕೊಂಡು ಅವರು ಎರಡು ದಿನ ಸುಖವಾಗಿ ನಿದ್ದೆ ಮಾಡಿದ್ದರು. ಆಮೇಲೆ ತಲೆಗೆ ಹೊಳೆದಿತ್ತು: ಯಾರ ಬಟ್ಟೆ ಯಾರದೆಂದು ಕಾಲರಿನೊಳಗೆ ಕೆಂಪು ದಾರದ ಗುರುತು ಹಾಕಿಟ್ಟಿರುವ ಜಾಗ ಊರಿನಲ್ಲಿ ಅದೊಂದೇ. ತನಿಖೆಯವರು ಮೊದಲು ಬರುವುದೇ ಅಲ್ಲಿಗೆ. ಅಂದಿನಿಂದ ರೆಪ್ಪೆ ಮುಚ್ಚಿರಲಿಲ್ಲ. ಅಂತಿಮ ದರ್ಶನದ ನೆಪದಲ್ಲಿ ಕೋಟನ್ನು ಹೇಗಾದರೂ ಕಂಕುಳಲ್ಲಿಟ್ಟುಕೊಂಡು ಹೋಗುವುದೆಂದು ಬಂದವರು, ದರ್ಶನಕ್ಕೆಂದು ಬಗ್ಗಿದರು. ಚಿನ್ನದ ಗುಂಡಿಗಳು ಅವರನ್ನೇ ದಿಟ್ಟಿಸಿ ನೋಡಿದವು.

ಹೆಂಡತಿಯ ಕೈಯಲ್ಲಿ ಹೂವು ಮುಗಿದಿತ್ತು.

ಅಧ್ಯಕ್ಷರ ಮುಖ ಬಿಳಿಯಾಯಿತು. ದೊರೆ ಎರಡು ಸಲ ಒಗೆದ ಬಟ್ಟೆಯೂ ಅಷ್ಟು ಬಿಳಿಯಾಗುತ್ತಿರಲಿಲ್ಲ. ಅವಳು ಅದನ್ನು ಕೋಪವೆಂದುಕೊಂಡಳು. ಪಕ್ಕದಲ್ಲಿದ್ದ ಅಳಿಯನ ಕೈಬೆರಳು ಹಿಡಿದುಕೊಂಡಳು. ಹಿಡಿದ ಬಿಗಿಗೆ ಲಟಲಟ ಎಂದು ಗೆಣ್ಣು ಮುರಿದ ಸದ್ದು ಬಂತು. ಅಳಿಯ ಪಾಪ, ಶೋಕದ ಮುಖದಲ್ಲೇ ಅದನ್ನೂ ಸೇರಿಸಿಕೊಂಡ.

ಕ್ಷೌರದಂಗಡಿಯವನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ.

“ನೀವೇ ಹೇಳಿ ಅಧ್ಯಕ್ಷರೇ. ಲಾಂಡ್ರಿಯವನ ಮೈಮೇಲೆ ಇಂಥಾ ಕೋಟು ಹೇಗೆ ಬಂತು? ಯಾರದು ಇದು?”

ಕೋಣೆಯಲ್ಲಿ ಕೆರೆದುಕೊಳ್ಳುವ ಸದ್ದೂ ನಿಂತಿತು. ಮಗಳು ಬಾಗಿಲಿನ ಚೌಕಟ್ಟು ಹಿಡಿದಳು. ಹೆಂಡತಿಯ ಕಣ್ಣ ಮುಂದೆ ಅಂಗಡಿಯ ಬಾಗಿಲು ಮುಚ್ಚಿ, ಇಸ್ತ್ರಿ ಪೆಟ್ಟಿಗೆ ತುಕ್ಕು ಹಿಡಿದು, ಅದರೊಳಗೆ ಜೇಡ ಬಲೆ ನೇಯ್ದು, ಜೇಡವೂ ಹಸಿವಿಗೆ ಸತ್ತುಹೋಯಿತು.

“ಯಾರದು ಅಂದ್ರೆ?” ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಸಭೆಗಳಲ್ಲಿ ಪಳಗಿದ ದನಿ ತಾನಾಗಿಯೇ ಎದ್ದುಬಂತು. “ಯಾರ ಮೈಮೇಲಿದೆಯೋ ಅವರದು! ಈ ಕೋಟು ದೊರೆಯವರದೇ. ಅವರು ಇದನ್ನ ತೊಟ್ಟು ಬೀದೀಲಿ ಓಡಾಡೋದನ್ನ ನೀವು ಯಾರೂ ನೋಡಿಲ್ವಾ?”

“ನೋಡಿದ್ದೀವಿ,” ಎಂದರು ಹೆಡ್‌ಮಾಸ್ತರು.

“ನಾನೂ ನೋಡಿದ್ದೀನಿ. ಎಷ್ಟೋ ಸಲ,” ಎಂದ ಚಹಾದವನು.

ಎಲ್ಲರೂ ನೋಡಿದ್ದರು. ಅಧ್ಯಕ್ಷರು ತಮ್ಮ ಸಾರ್ವಜನಿಕ ಜೀವನದಲ್ಲಿ ಆಡಿದ ಮಾತುಗಳ ಪೈಕಿ ಪ್ರತ್ಯಕ್ಷ ಸಾಕ್ಷಿಗಳಿದ್ದದ್ದು ಇದೊಂದಕ್ಕೇ. ಕ್ಷೌರದಂಗಡಿಯವನು ಮೆಲ್ಲಗೆ ಜನರ ಹಿಂದಕ್ಕೆ ಸರಿದ.

ಅಧ್ಯಕ್ಷರು ಸಮಾಧಾನ ಹೇಳುವವರಂತೆ ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು.

“ಅಮ್ಮಾ, ಕಾಲರ್ ಒಳಗೆ ಗುರುತು ಇದೆಯೇನು?”

“ಇದೆ ಸಾರ್. ತಪ್ಪಾಯ್ತು ಸಾರ್, ಅಳಿಯಂದ್ರು ಗೊತ್ತಿಲ್ದೆ...”

“ತಪ್ಪು ಗಿಪ್ಪು ಏನೂ ಇಲ್ಲ. ಆ ಗುರುತು ಕಿತ್ತಾಕಿ. ಈಗಲೇ. ನಾನು ಹುಟ್ಟಿದಾಗಿನಿಂದ ಕೋಟೇ ತೊಟ್ಟಿಲ್ಲ, ತಿಳೀತಾ?”

ಅವಳು ತಲೆಯೆತ್ತಿ ನೋಡಿದಳು. ಬೆಳಿಗ್ಗೆಯಿಂದ ತನ್ನನ್ನು ಕಾಡುತ್ತಿದ್ದ ಭಯವೇ, ಅದೇ ಅಳತೆಯದು, ಅಧ್ಯಕ್ಷರ ಕಣ್ಣಿನಲ್ಲಿ ಕೂತಿತ್ತು. ಅವರ ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು. ಈ ಕೋಟು ತನ್ನನ್ನು ಮುಳುಗಿಸುವುದಿಲ್ಲ, ಇವರಿಗೆ ಬೇಡವಾಗಿದೆ. ಇದು ಅರ್ಥವಾದ ಕೂಡಲೇ ಅವಳ ಎದೆಯ ಮೇಲಿಂದ ಒಂದು ಬೆಟ್ಟ ಎದ್ದು ಹೋಯಿತು.

“ರೀ... ನನ್ನ ಬಿಟ್ಟು ಹೋದ್ರಲ್ಲ ರೀ!” ಎಂದು ಅವಳು ಗಂಡನ ಎದೆಯ ಮೇಲೆ ಬಿದ್ದಳು. ಸೆರಗಿನ ತುದಿಯಲ್ಲಿ ಸದಾ ಗಂಟು ಹಾಕಿರುತ್ತಿದ್ದ, ನೂಲು ಕತ್ತರಿಸುವ ಪುಟ್ಟ ಕತ್ತರಿ ಬೆರಳಿಗೆ ಬಂತು. ಕೂದಲು ಮುಖಕ್ಕೆ ಚೆಲ್ಲಿ, ಕೈ ಕತ್ತಿನ ಹಿಂದೆ ಹೋಗಿ, ಕಚಕ್ ಕಚಕ್ ಎಂದು ಕೆಂಪು ದಾರ ಕಿತ್ತುಬಂತು. ಅಲ್ಲಿಯವರೆಗೆ ಅದು ನಾಟಕವೇ. ಆದರೆ ಅಷ್ಟು ಹತ್ತಿರಕ್ಕೆ ಹೋದಾಗ ಕೋಟಿನೊಳಗಿಂದ ಸಾಬೂನು, ಇದ್ದಿಲು, ಒದ್ದೆ ಬಟ್ಟೆಗೆ ಬಿಸಿ ಇಸ್ತ್ರಿ ತಾಗಿದ ಆವಿ, ಎಲ್ಲ ಸೇರಿದ ವಾಸನೆ ಬಂತು. ಅದು ಅಧ್ಯಕ್ಷರದಾಗಿರಲಿಲ್ಲ. ಅವಳು ಮೇಲೇಳಲಿಲ್ಲ. ನಿನ್ನೆಯಿಂದ ಒಗೆಯುವ, ಅಡಗಿಸುವ, ಹೆದರುವ ಗಡಿಬಿಡಿಯಲ್ಲಿ ಬಾಕಿ ಉಳಿದಿದ್ದ ಅಳುವೆಲ್ಲ ಒಟ್ಟಿಗೇ ಬಂತು. ಬೀದಿಯಾಚೆ ಕಟ್ಟಿದ್ದ ಕತ್ತೆಗಳೂ ತಲೆತಗ್ಗಿಸಿ ನಿಂತವು.

*

ದೊರೆಯನ್ನು ಇಸ್ತ್ರಿ ಮೇಜಿನ ಹಲಗೆಯ ಮೇಲೆ ಮಲಗಿಸಿ ಒಯ್ದರು. ಅಷ್ಟು ಅಗಲದ ಹಲಗೆ ಇನ್ನೆಲ್ಲೂ ಸಿಗಲಿಲ್ಲ. ಅಧ್ಯಕ್ಷರು ತಾವೇ ಮುಂದಿನ ಮೂಲೆಗೆ ಹೆಗಲು ಕೊಟ್ಟರು. ಕೋಟು ಮಣ್ಣಿನೊಳಗೆ ಇಳಿಯುವವರೆಗೆ ಅವರಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ.

ಊರಿನ ಹೊರಗಿನ ಸ್ಮಶಾನದಲ್ಲಿ ಗುಂಡಿ ತೋಡಿ ಮುಗಿದಿತ್ತು. ಹಗ್ಗ ಹಿಡಿದು ದೊರೆಯನ್ನು ಇಳಿಸಿದರು. ಗುಂಡಿಯವನು ಸನಿಕೆ ಎತ್ತಿದ.

“ತಡಿ, ತಡಿ!”

ಹೆಡ್‌ಮಾಸ್ತರು ಓಡಿ ಬರುತ್ತಿದ್ದರು. ಮೆರವಣಿಗೆಯ ನಡುವೆ ಅವರು ಯಾವಾಗ ಕಳಚಿಕೊಂಡರೋ ಯಾರೂ ನೋಡಿರಲಿಲ್ಲ. ಕಂಕುಳಲ್ಲಿ ಹಳೇ ಪತ್ರಿಕೆ ಸುತ್ತಿದ ಗಂಟು.

“ತಾಯಿ,” ಏದುಸಿರಿನಲ್ಲೇ ಹೆಂಡತಿಯ ಕಡೆ ತಿರುಗಿದರು. “ನಮ್ಮ ದೊರೆಗೆ ಒಳ್ಳೇ ಬಟ್ಟೆ ಅಂದ್ರೆ ಪ್ರಾಣ. ಒಂದೇ ಕೋಟಿನಲ್ಲಿ ಕಳಿಸೋಕೆ ನನಗೆ ಮನಸ್ಸು ಬರ್ಲಿಲ್ಲ.”

ಗಂಟು ಬಿಚ್ಚಿದರು. ನೀಲಿ ಕೋಟು.

ಜನರ ನಡುವೆ ಒಂದು ಉಸಿರು ಹಾದುಹೋಯಿತು. ಗೋಧಿ ಹೊಲದ ಮೇಲೆ ಗಾಳಿ ಹಾದಂತೆ ಎಲ್ಲರ ತಲೆಗಳೂ ಒಂದೇ ಕಡೆ ಬಾಗಿದವು. ಚಹಾದವನು ಮೊದಲು ಓಡಿದ. ಅವನ ಹಿಂದೆ ಔಷಧಿ ಅಂಗಡಿಯವನು, ಅವನ ಹಿಂದೆ ಬ್ಯಾಂಕಿನವರು, ಕಂಟ್ರಾಕ್ಟರು, ಕಡೆಗೆ ಊರುಗೋಲು ಹಿಡಿದ ಜಡ್ಜ್ ಸಾಹೇಬರು. ಅವರು ಊರುಗೋಲನ್ನು ಗೇಟಿನ ಹತ್ತಿರವೇ ಬಿಟ್ಟು ಓಡಿದರು.

ಅವರು ಮರಳಿ ಬಂದಾಗ ಸ್ಮಶಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ನೀಲಿ ಕೋಟುಗಳು, ನೀಲಿ ಟೋಪಿಗಳು, ನೀಲಿ ಟೈಗಳು. ಯಾರೋ ನೀಲಿ ಕೊಡೆಯನ್ನೂ ತಂದಿದ್ದರು, ಯಾವುದಕ್ಕೂ ಇರಲಿ ಎಂದು. ಕ್ಷೌರದಂಗಡಿಯವನೂ ಒಂದು ಗಂಟು ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದ, ಆಕಾಶ ನೋಡುತ್ತಾ.

“ನಿಂದೂ ಇತ್ತೇನಯ್ಯ?” ಎಂದರು ಹೆಡ್‌ಮಾಸ್ತರು.

“ನಮ್ಮ ಭಾವಂದು ಸಾರ್.”

“ನಿನಗೆ ಅಕ್ಕತಂಗಿಯರೇ ಇಲ್ವಲ್ಲ?”

“ಆಗೋ ಭಾವ ಸಾರ್. ಹೆಂಡತಿ ತಂಗೀನ ಮದ್ವೆ ಆಗೋನು.”

ಗುಂಡಿಯವನು ಸನಿಕೆಯನ್ನು ನೆಲಕ್ಕೆ ಊರಿದ. “ಏನ್ರಪ್ಪಾ ಇದು? ಮನುಷ್ಯ ಹೂಳೋಕೆ ಬಂದೋರೋ, ಜವಳಿ ಅಂಗಡಿ ಇಡೋಕೆ ಬಂದೋರೋ? ನಾನು ತೋಡಿರೋದು ಒಬ್ಬರ ಅಳತೆಗೆ.”

“ಇನ್ನೂ ಸ್ವಲ್ಪ ತೋಡು,” ಎಂದರು ಅಧ್ಯಕ್ಷರು. “ಪುರಸಭೆ ಕಡೆಯಿಂದ.”

ಹೆಂಡತಿ ಮುಂದೆ ಬಂದಳು. ಹೆಂಗಸರು ತಡೆದರೂ ಕೇಳಲಿಲ್ಲ. ಮೂಟೆ ಮೂಟೆಯಾಗಿ ಎಸೆಯುವುದನ್ನು ಅವಳ ಕಣ್ಣು ಸಹಿಸಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು, ಬಂದ ಒಂದೊಂದು ಕೋಟನ್ನೂ ಮೊಣಕಾಲ ಮೇಲೆ ಹರವಿ, ತೋಳು ಹಿಂದಕ್ಕೆ ಮಡಿಸಿ, ಸುಕ್ಕು ಅಂಗೈಯಿಂದ ತೀಡಿ, ಅಳಿಯನ ಕೈಗೆ ಕೊಟ್ಟಳು. ಅವನು ಇಳಿದು ಇಟ್ಟು ಬಂದ.

“ಇದನ್ನ ತೊಟ್ಟು ಸೇತುವೆ ಕಡೆ ಹೋಗಿದ್ರು,” ಎಂದಳು ಮೆಲ್ಲಗೆ, ಮಗಳಿಗೆ ಮಾತ್ರ ಕೇಳುವಂತೆ. ಇನ್ನೊಂದು ಬಂತು. “ಇದು ನೀನು ಪಾಸಾದ ದಿನ.” ಇನ್ನೊಂದು. “ಇದು ಕಂಕುಳಲ್ಲಿ ಬಿಗಿ, ಆದ್ರೂ ಬಿಡ್ಲಿಲ್ಲ.” ಮಗಳು ಮೂಗು ಒರೆಸಿಕೊಂಡು ನಕ್ಕಳು. ಊರಿನ ಕೋಟುಗಳೆಲ್ಲ ಒಂದಾದ ಮೇಲೊಂದು ದೊರೆಯ ಮೇಲೆ ಬಂದು ಮಲಗಿದವು. ಯಾವುದನ್ನೂ ಒಗೆದು ವಾಪಸು ಕೊಡಬೇಕಾಗಿರಲಿಲ್ಲ. ಯಾರೂ ಕೇಳಿಕೊಂಡು ಬರುವಂತಿರಲಿಲ್ಲ.

ಮಣ್ಣು ಮುಚ್ಚುವಾಗ ಗುಂಡಿಯವನಿಗೆ ಸಾಕುಸಾಕಾಯಿತು. ತುಳಿದರೆ ದಿಬ್ಬ ಹಾಸಿಗೆಯಂತೆ ಪುಟಿಯುತ್ತಿತ್ತು.

ವಾಪಸು ಹೊರಟ ಜನರ ನಡಿಗೆಯೇ ಬೇರೆಯಾಗಿತ್ತು. ಕೈ ಬೀಸಿಕೊಂಡು, ತೋಳು ತೋಳಿಗೆ ತಾಗಿಸಿಕೊಂಡು, ಶಾಲೆ ಬಿಟ್ಟ ಮಕ್ಕಳಂತೆ ಹೋಗುತ್ತಿದ್ದರು. ಬ್ಯಾಂಕಿನವರು ಸಿಳ್ಳೆ ಹಾಕಿಯೇಬಿಟ್ಟರು. ಯಾರೋ ಭುಜಕ್ಕೆ ತಟ್ಟಿದ ಮೇಲೆ ಅದನ್ನೇ ಎಳೆದು ನಿಟ್ಟುಸಿರು ಮಾಡಿಕೊಂಡರು. ಅಧ್ಯಕ್ಷರು ಮಾತ್ರ ಹಿಂದೆ ಉಳಿದರು. ಕತ್ತು ಕೆರೆದು ಕೆರೆದು ಕೆಂಪಾಗಿತ್ತು.

“ಅಮ್ಮಾ, ಅಂಗಡಿ ನಡೆಯುತ್ತೆ ತಾನೆ?”

“ನಡೆಯುತ್ತೆ ಸಾರ್. ಅಳಿಯಂದ್ರು ನೋಡ್ಕೋತಾರೆ.”

“ಹಾಗಿದ್ರೆ ಇದನ್ನ ಒಂದು ಸಲ ಒಗೆದು ಮೆತ್ತಗೆ ಮಾಡಿಕೊಡಿ. ಮೈಯೆಲ್ಲ ಗೀರಿಹೋಗಿದೆ. ಇಸ್ತ್ರಿ ಮಾತ್ರ ಬೇಡ, ಸುಕ್ಕು ಇರ್ಬೇಕಂತೆ.”

ಅಲ್ಲೇ ಬೂದು ಅಂಗಿ ಬಿಚ್ಚಿ ಕೊಟ್ಟು, ಬೆನ್ನಿನ ನಡುವೆ ಅಂಗೈ ಅಗಲದ ತೂತಿದ್ದ ಬನಿಯನ್ನಿನಲ್ಲಿ, ಗಾಳಿಗೆ ಎದೆ ಕೊಟ್ಟು ಊರಿನ ಕಡೆ ಹೊರಟರು. ಕಳ್ಳಿಬೇಲಿಯ ತಿರುವಿನಲ್ಲಿ ಮರೆಯಾಗುವವರೆಗೂ ಆ ತೂತು ಕಾಣುತ್ತಿತ್ತು.

ಹೆಂಡತಿ ಅಂಗಿಯನ್ನು ಕೈಮೇಲೆ ಹಾಕಿಕೊಂಡಳು. ಹೆಬ್ಬೆರಳು ತೋರುಬೆರಳ ನಡುವೆ ಬಟ್ಟೆ ಹಿಡಿದು ತಿಕ್ಕಿ ನೋಡಿದಳು. ಆಮೇಲೆ ಅದರ ಎರಡು ಭುಜಗಳನ್ನು ಚಿಟಿಕೆಯಲ್ಲಿ ಎತ್ತಿ, ಮುಂದೆ ನಡೆಯುತ್ತಿದ್ದ ಅಳಿಯನ ಬೆನ್ನಿನ ನೇರಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಅಳತೆ ನೋಡಿದಳು.